ಬಡಾವಣೆಗೊಂದು ವಾರದ ಪಟ್ಟಿ: ಊರ ಸುದ್ದಿ, ಮನರಂಜನೆ, ಪುಕ್ಕಟೆ ಕಾರ್ಯಕ್ರಮಗಳನ್ನು ತಪ್ಪಿಲ್ಲದೆ ಒಟ್ಟುಗೂಡಿಸುವ ಕ್ರಮ

"ಈ ವಾರ ನಮ್ಮ ಕಡೆ ಏನೇನಿದೆ" ಅಂತ ಒಂದು ಪಟ್ಟಿ ಮಾಡಿ ಬಡಾವಣೆಯವರಿಗೆ ಕಳಿಸುವ ಕೆಲಸವನ್ನು ಬೆಂಗಳೂರಿನಲ್ಲಿ ತುಂಬ ಜನ ಶುರು ಮಾಡುತ್ತಾರೆ. ಮೂರನೇ ವಾರಕ್ಕೆ ಕೈಬಿಡುತ್ತಾರೆ. ಯಾಕೆ ಅಂತ ಕೇಳಿದರೆ ಉತ್ತರ ಹೆಚ್ಚುಕಮ್ಮಿ ಒಂದೇ. ಹಾಕಿದ್ದು ತಪ್ಪಾಯಿತು, ಜನ ಬೈದರು. ಹೋದ ವರ್ಷದ ಪೋಸ್ಟರ್ ಈ ವರ್ಷದ್ದು ಅಂತ ಹೋಗಿರುತ್ತದೆ. ಉಚಿತ ಅಂದ ಕಡೆ ಟಿಕೆಟ್ ಕೇಳಿರುತ್ತಾರೆ. ಆರು ಗಂಟೆಗೆ ಹೋದವರಿಗೆ ಸಭಾಂಗಣದ ಬೀಗ ಕಂಡಿರುತ್ತದೆ.

ನಾನು ಬಸವನಗುಡಿ ಸುತ್ತಮುತ್ತಲಿಗೆ ಇಂಥ ಒಂದು ಪುಟದ ಪಟ್ಟಿ ಮಾಡುತ್ತೇನೆ. ಹೊಸದಾಗಿ ಶುರು ಮಾಡಿದವರ ಪಟ್ಟಿಗಳನ್ನೂ ನೋಡಿದ್ದೇನೆ. ಮಾಹಿತಿಗೆ ಇಲ್ಲಿ ಬರ ಇಲ್ಲ. ತಪ್ಪುವುದು ಕೆಲಸದ ಕ್ರಮ. ಜನ ಮೊದಲು ಬರೆದುಬಿಡುತ್ತಾರೆ, ಹೊತ್ತು ಉಳಿದರೆ ವಿಚಾರಿಸುತ್ತಾರೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ, ಹೇಳಿದ ದಿನಗಳಂದೇ ಮಾಡಿ. ವಾರಕ್ಕೆ ಒಟ್ಟು ನಾಲ್ಕು ಗಂಟೆ ಹಿಡಿಯುತ್ತದೆ. ಅದರಲ್ಲಿ ಜಾಸ್ತಿ ಪಾಲು ಗುರುವಾರದ್ದು.

ಮೊದಲು ಇಟ್ಟುಕೊಳ್ಳಬೇಕಾದ ಸಾಮಾನು

ಗೆರೆ ಹಾಕಿದ ಒಂದು ಉದ್ದ ನೋಟ್‌ಬುಕ್. ತಿಥಿ, ಹುಣ್ಣಿಮೆ, ಅಮಾವಾಸ್ಯೆ, ಸರ್ಕಾರಿ ರಜೆ ಎಲ್ಲಾ ಇರುವ ಗೋಡೆ ಕ್ಯಾಲೆಂಡರ್. ಫೋನ್ ಕ್ಯಾಲೆಂಡರ್ ಒಂದೇ ಸಾಲದು. ನಮ್ಮೂರಿನ ಅರ್ಧ ಕಾರ್ಯಕ್ರಮಗಳು ತಾರೀಕಿನ ಮೇಲೆ ನಡೆಯುವುದಿಲ್ಲ, ತಿಥಿಯ ಮೇಲೆ ನಡೆಯುತ್ತವೆ. ಒಂದು ಕನ್ನಡ ಪತ್ರಿಕೆ, ಒಂದು ಇಂಗ್ಲಿಷ್ ಪತ್ರಿಕೆಯ ನಗರದ ಪುಟ. ಒಂದು ಕೆಂಪು ಪೆನ್ನು. ಫಲಕಕ್ಕೆ ಅಂಟಿಸುವುದಾದರೆ ಪ್ಲಾಸ್ಟಿಕ್ ಕವರ್ ಮತ್ತು ಗುಂಡುಪಿನ್ನು.

ಫೋನಿನಲ್ಲಿ ಯುನಿಕೋಡ್ ಕನ್ನಡ ಕೀಲಿಮಣೆ ಇರಲಿ. ಇದನ್ನು ಒತ್ತಿ ಹೇಳುತ್ತೇನೆ. ಡಿಟಿಪಿ ಅಂಗಡಿಯಲ್ಲಿ "ನುಡಿ" ಅಥವಾ "ಬರಹ" ತಂತ್ರಾಂಶದ ಹಳೆ ಫಾಂಟಿನಲ್ಲಿ ಹೊಡೆಸಿದ್ದನ್ನು ವಾಟ್ಸಾಪಿಗೆ ಹಾಕಿದರೆ ಅಕ್ಷರದ ಬದಲು ಅರ್ಥವಾಗದ ಗುರುತುಗಳು ಬರುತ್ತವೆ. ಅಂಥ ಫೈಲ್ ಇದ್ದರೆ ಮೊದಲು ಯುನಿಕೋಡಿಗೆ ಬದಲಿಸಿಕೊಳ್ಳಿ.

ಹಂತ 1: ಎಲ್ಲೆ ಗುರುತು ಮಾಡಿ

ಎರಡು ಎಲ್ಲೆ ಬೇಕು. ಸುದ್ದಿಗೆ ಚಿಕ್ಕದು, ಮನರಂಜನೆಗೆ ದೊಡ್ಡದು.

ಕರೆಂಟು, ನೀರು, ರಸ್ತೆ ವಿಚಾರಕ್ಕೆ ನಿಮ್ಮ ವಾರ್ಡ್ ಮತ್ತು ಪಕ್ಕದ ಒಂದೆರಡು ವಾರ್ಡ್ ಸಾಕು. ಗಾಂಧಿಬಜಾರಿನವರಿಗೆ ಹೆಬ್ಬಾಳದ ಪೈಪ್‌ಲೈನ್ ಕೆಲಸ ಬೇಡ. ಕಾರ್ಯಕ್ರಮಕ್ಕಾದರೆ ಅರ್ಧ ಮುಕ್ಕಾಲು ಗಂಟೆಯಲ್ಲಿ ಬಸ್ಸಿನಲ್ಲೋ ಮೆಟ್ರೋದಲ್ಲೋ ಮುಟ್ಟಬಹುದಾದ ಜಾಗಗಳನ್ನೆಲ್ಲ ಸೇರಿಸಿ. ನಮಗೆ ನ್ಯಾಷನಲ್ ಕಾಲೇಜು ನಿಲ್ದಾಣ ಹತ್ತಿರ. ಹಾಗಾಗಿ ಹಸಿರು ಮಾರ್ಗದ ಜಾಗಗಳು ಮೊದಲು ಬರುತ್ತವೆ.

ಇಡೀ ಬೆಂಗಳೂರಿನ ಪಟ್ಟಿ ಮಾಡುತ್ತೇನೆ ಅಂತ ಹೊರಡಬೇಡಿ. ಅದು ಒಬ್ಬರ ಕೈಯಲ್ಲಿ ಆಗುವ ಕೆಲಸ ಅಲ್ಲ, ಓದುವವರಿಗೂ ಉಪಯೋಗ ಇಲ್ಲ.

ಹಂತ 2: ಖಾಯಂ ಪಟ್ಟಿ ಮಾಡಿಕೊಳ್ಳಿ

ಇದನ್ನು ಒಂದೇ ಸಲ ಮಾಡುವುದು. ಆಮೇಲೆ ವಾರವಾರ ತಿದ್ದುವುದಷ್ಟೇ. ನೋಟ್‌ಬುಕ್ಕಿನ ಕೊನೆಯ ನಾಲ್ಕು ಪುಟ ಇದಕ್ಕೆ ಬಿಡಿ. ಯಾವ ಜಾಗದಲ್ಲಿ ಸಾಮಾನ್ಯವಾಗಿ ಏನಿರುತ್ತದೆ, ದುಡ್ಡು ಇದೆಯಾ ಇಲ್ವಾ ಅಂತ ಬರೆಯಿರಿ.

ನನ್ನ ಪುಸ್ತಕದ ಮೊದಲ ಪುಟದಲ್ಲಿ ಇರುವುದು ಹೀಗೆ. ಬಿ.ಪಿ. ವಾಡಿಯಾ ರಸ್ತೆಯ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್: ಉಪನ್ಯಾಸ, ಸಂಗೀತ, ನೃತ್ಯ, ಪ್ರವೇಶ ಉಚಿತ. ಎನ್.ಆರ್. ಕಾಲೋನಿಯಲ್ಲಿ ಡಿವಿಜಿಯವರು 1945ರಲ್ಲಿ ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ: ಉಪನ್ಯಾಸ ಮಾಲೆ, ಸಂಗೀತ, ಗಮಕ. ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರ, ಅದರ ಹಿಂದಿನ ಸಂಸ ಬಯಲು ರಂಗಮಂದಿರ, ಕನ್ನಡ ಭವನದ ನಯನ ಸಭಾಂಗಣ: ಸರ್ಕಾರಿ ಕಾರ್ಯಕ್ರಮಕ್ಕೆ ಸಾಮಾನ್ಯವಾಗಿ ದುಡ್ಡಿಲ್ಲ, ತಂಡದವರ ನಾಟಕಕ್ಕೆ ಟಿಕೆಟ್ ಇರಬಹುದು. ದೊಮ್ಮಲೂರಿನ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್: ಹೆಚ್ಚಿನವು ಉಚಿತ. ಬಳ್ಳಾರಿ ರಸ್ತೆಯ ಸೈನ್ಸ್ ಗ್ಯಾಲರಿ: ಉಚಿತ, ಮಕ್ಕಳಿಗೆ ಒಳ್ಳೇದು, ನಮಗೆ ದೂರ. ಕಬ್ಬನ್ ಪಾರ್ಕ್: ಭಾನುವಾರ ಒಳಗೆ ವಾಹನ ಬಿಡುವುದಿಲ್ಲ, ಮಕ್ಕಳಿಗೆ ಸೈಕಲ್ ಕಲಿಸಲು ಸರಿಯಾದ ದಿನ. ಅಲ್ಲೇ ಶನಿವಾರ ಬೆಳಿಗ್ಗೆ ಮರದ ಕೆಳಗೆ ಸುಮ್ನೆ ಕೂತು ಓದುವವರ ಗುಂಪು ಇರುತ್ತದೆ. ಪುಸ್ತಕ, ಚಾಪೆ ತಗೊಂಡು ಹೋದರೆ ಆಯಿತು.

ಎರಡನೇ ಪುಟದಲ್ಲಿ ವರ್ಷಕ್ಕೊಮ್ಮೆ ಬರುವವು. ಜನವರಿ 26 ಮತ್ತು ಆಗಸ್ಟ್ 15ರ ಆಸುಪಾಸಿಗೆ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನ. ಜನವರಿಯ ಒಂದು ಭಾನುವಾರ ಕುಮಾರಕೃಪ ರಸ್ತೆಯಲ್ಲಿ ಚಿತ್ರಸಂತೆ. ಚೈತ್ರ ಹುಣ್ಣಿಮೆಗೆ ಕರಗ. ರಾಮನವಮಿ ಹೊತ್ತಿಗೆ ಊರೆಲ್ಲ ಸಂಗೀತ, ಪಾನಕ, ಕೋಸಂಬರಿ. ಗಣೇಶ ಚೌತಿ ಆದಮೇಲೆ ತಿಂಗಳವರೆಗೂ ಪೆಂಡಾಲ್ ಕಾರ್ಯಕ್ರಮ. ಕಾರ್ತಿಕದ ಕೊನೆ ಸೋಮವಾರ ಕಡಲೆಕಾಯಿ ಪರಿಷೆ. ಇವನ್ನೆಲ್ಲ ಆ ವರ್ಷದ ಗೋಡೆ ಕ್ಯಾಲೆಂಡರಿನಲ್ಲಿ ಈಗಲೇ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ.

ಒಂದು ಎಚ್ಚರಿಕೆ. ಖಾಯಂ ಪಟ್ಟಿ ಇರುವುದು ಯಾರನ್ನು ಕೇಳಬೇಕು ಅಂತ ಗೊತ್ತಾಗಲಿಕ್ಕೆ. ಅದರಿಂದ ನೇರವಾಗಿ ಎತ್ತಿ ಈ ವಾರದ ಪಟ್ಟಿಗೆ ಹಾಕಬೇಡಿ.

ಹಂತ 3: ಸೋಮವಾರದಿಂದ ಬುಧವಾರ, ಸಂಗ್ರಹ

ಈ ಮೂರು ದಿನ ಬರೆಯುವ ಕೆಲಸ ಇಲ್ಲ, ಗುಡ್ಡೆ ಹಾಕುವ ಕೆಲಸ. ಒಳ್ಳೇದು ಕೆಟ್ಟದ್ದು ಅಂತ ಆರಿಸಲೂ ಬೇಡಿ.

ಮೊದಲು ಕಾಲಿಗೆ ಕೆಲಸ ಕೊಡಿ. ವಾರಕ್ಕೊಮ್ಮೆಯಾದರೂ ಗ್ರಂಥಾಲಯ, ದೇವಸ್ಥಾನ, ಪಾರ್ಕ್, ಸಂಗೀತ ಸಭೆ, ಕಾಲೇಜುಗಳ ಸೂಚನಾ ಫಲಕ ನೋಡಿಕೊಂಡು ಬನ್ನಿ. ಇಂಟರ್‌ನೆಟ್ಟಿನಲ್ಲಿ ಎಲ್ಲೂ ಸಿಗದ ಕಾರ್ಯಕ್ರಮಗಳು ಅಲ್ಲೇ ಸಿಗುವುದು: ಮಠದ ಅಂಗಳದ ಹರಿಕಥೆ, ಶಾಲೆ ಮೈದಾನದ ಯಕ್ಷಗಾನ, ಛತ್ರದಲ್ಲಿ ಉಚಿತ ಕಣ್ಣಿನ ತಪಾಸಣೆ. ಹೂವಿನ ಅಂಗಡಿಯವರನ್ನೂ ಕೇಳಿ. ಯಾವ ಗುಡಿಗೆ ಎಷ್ಟು ಹಾರ ಹೇಳಿದ್ದಾರೆ ಅನ್ನುವುದರಲ್ಲೇ ಉತ್ಸವ ಯಾವತ್ತು ಅಂತ ಗೊತ್ತಾಗುತ್ತದೆ.

ಫಲಕದ ಫೋಟೋ ತೆಗೆಯುವಾಗ ಇಡೀ ಪೋಸ್ಟರ್ ಬರಲಿ. ಮೂಲೆಯಲ್ಲಿ ಚಿಕ್ಕದಾಗಿ ಇರುವ ಸಾಲೇ ಮುಖ್ಯ: "ಪಾಸ್ ಇದ್ದವರಿಗೆ ಮಾತ್ರ", "ಆಹ್ವಾನಿತರಿಗೆ", "ಮಕ್ಕಳಿಗೆ ಪ್ರವೇಶವಿಲ್ಲ".

ಆಮೇಲೆ ನೋಟ್‌ಬುಕ್ಕಿನಲ್ಲಿ ಒಂದಕ್ಕೆ ಒಂದು ಸಾಲು. ಸಾಲಿಗೆ ಏಳು ಮನೆ: ವಾರ ಮತ್ತು ತಾರೀಕು, ಹೊತ್ತು, ಜಾಗ, ಏನು, ದುಡ್ಡು, ಮೊದಲೇ ಹೆಸರು ಕೊಡಬೇಕಾ, ಯಾರನ್ನು ಕೇಳಿ ಖಾತರಿ ಮಾಡಿದೆ. ಈ ಏಳನೇ ಮನೆ ಬುಧವಾರದವರೆಗೂ ಖಾಲಿ ಇರುತ್ತದೆ. ಅದು ತುಂಬದ ಯಾವ ಸಾಲೂ ಪಟ್ಟಿಗೆ ಹೋಗಬಾರದು. ಇಡೀ ಕೆಲಸ ನಿಂತಿರುವುದು ಈ ಒಂದು ನಿಯಮದ ಮೇಲೆ.

ಹಂತ 4: ಗುರುವಾರ, ಒಂದೊಂದನ್ನೂ ವಿಚಾರಿಸಿ

ಮೊದಲು ಕೂತಲ್ಲೇ ಮಾಡಬಹುದಾದ ಪರೀಕ್ಷೆ. ಪೋಸ್ಟರಿನ ತಾರೀಕು ಮತ್ತು ವಾರ ಹೊಂದುತ್ತಾ ನೋಡಿ. ನಮ್ಮ ಪೋಸ್ಟರುಗಳಲ್ಲಿ ಎಷ್ಟೋ ಸಲ ಇಸವಿಯೇ ಇರುವುದಿಲ್ಲ. "ಆಗಸ್ಟ್ 15, ಶುಕ್ರವಾರ" ಅಂತ ಇದ್ದರೆ ಅದು 2025ರದ್ದು. 2024ರಲ್ಲಿ ಅದು ಗುರುವಾರ, 2026ರಲ್ಲಿ ಶನಿವಾರ. ಫಾರ್ವರ್ಡ್ ಆಗಿ ಬಂದ ಹಳೆ ಪೋಸ್ಟರುಗಳಲ್ಲಿ ಹೆಚ್ಚಿನವು ಈ ಒಂದು ಪರೀಕ್ಷೆಗೇ ಸಿಕ್ಕಿಬೀಳುತ್ತವೆ.

ಎರಡನೆಯದು ಫೋನು. ಇಲ್ಲಿ ಕೇಳುವ ರೀತಿ ಮುಖ್ಯ. "ಭಾನುವಾರ ಕಾರ್ಯಕ್ರಮ ಇದೆಯಾ?" ಅಂತ ಕೇಳಬೇಡಿ. "ಇದೆ ಸಾರ್, ಬನ್ನಿ" ಅಂತಲೇ ಉತ್ತರ ಬರುತ್ತದೆ.

ನನಗೆ ಇದು ಗೊತ್ತಾಗಿದ್ದು ಒಂದು ಗೊಂಬೆಯಾಟದಿಂದ. ಸಭಾಂಗಣದ ನಂಬರಿಗೆ ಫೋನ್ ಮಾಡಿ ಹಾಗೇ ಕೇಳಿದೆ, ಕಾವಲುಗಾರರು ಇದೆ ಅಂದರು, ಹಾಕಿಬಿಟ್ಟೆ. ಅವತ್ತು ಅಲ್ಲಿ ಇದ್ದದ್ದು ಯಾರದೋ ನಿವೃತ್ತಿ ಸನ್ಮಾನ. ಗೊಂಬೆಯಾಟ ಮುಂದಕ್ಕೆ ಹೋಗಿತ್ತು. ಕಾವಲುಗಾರರು ಹೇಳಿದ್ದು ಸುಳ್ಳಲ್ಲ, ಕಾರ್ಯಕ್ರಮ ಇತ್ತು. ನಮ್ಮ ಬೀದಿಯ ಅಜ್ಜ ಇಬ್ಬರು ಮೊಮ್ಮಕ್ಕಳ ಕೈ ಹಿಡಿದುಕೊಂಡು ಎರಡು ಬಸ್ ಬದಲಿಸಿ ಹೋಗಿದ್ದರು. ಸಂಜೆ ಗೇಟಿನ ಹತ್ತಿರ ಸಿಕ್ಕಾಗ ನನ್ನನ್ನು ಬೈಯಲಿಲ್ಲ. "ಮಕ್ಕಳು ಅತ್ತುಬಿಟ್ಟವಪ್ಪ" ಅಂದರು, ಅಷ್ಟೇ. ಆ ವಾರದಿಂದ ನಾನು ಕೇಳುವ ಪ್ರಶ್ನೆಗಳು ಬದಲಾದವು.

ಈಗ ನಾಲ್ಕೇ ಪ್ರಶ್ನೆ. ಭಾನುವಾರ ಅಲ್ಲಿ ಏನು ನಡೆಯುತ್ತದೆ? (ಹೆಸರು ಅವರ ಬಾಯಿಂದಲೇ ಬರಬೇಕು.) ಎಷ್ಟು ಗಂಟೆಗೆ ಬಾಗಿಲು ತೆಗೆಯುತ್ತೀರಿ, ಹಾಡು ಅಥವಾ ಆಟ ಶುರುವಾಗುವುದು ಎಷ್ಟಕ್ಕೆ? ಯಾರು ಬೇಕಾದರೂ ಬರಬಹುದಾ, ಪಾಸ್ ಬೇಕಾ? ಮಳೆ ಬಂದರೆ ಏನು ಮಾಡುತ್ತೀರಿ?

ಎರಡನೇ ಪ್ರಶ್ನೆ ಯಾಕೆ ಎರಡು ಭಾಗ ಅಂದರೆ, ಆಹ್ವಾನ ಪತ್ರಿಕೆಯಲ್ಲಿ 5.30 ಅಂತ ಇರುತ್ತದೆ. ಅದು ವೇದಿಕೆ ಕಾರ್ಯಕ್ರಮದ ಹೊತ್ತು. ದೀಪ ಹಚ್ಚಿ, ಸ್ವಾಗತ, ಪ್ರಾಸ್ತಾವಿಕ, ಹಾರ, ಶಾಲು, ಅಧ್ಯಕ್ಷರ ಮಾತು ಎಲ್ಲಾ ಮುಗಿದು ಗಾಯನ ಶುರುವಾಗುವಾಗ 6.45 ಆಗಿರುತ್ತದೆ. ವಯಸ್ಸಾದವರಿಗೆ, ಚಿಕ್ಕ ಮಕ್ಕಳಿರುವವರಿಗೆ ಆ ಒಂದೂಕಾಲು ಗಂಟೆ ಸಣ್ಣದಲ್ಲ. ಎರಡೂ ಹೊತ್ತನ್ನು ಬರೆಯಿರಿ. ಇದಕ್ಕೆ ವಿರುದ್ಧವಾಗಿ, ಜೆ.ಪಿ. ನಗರದ ರಂಗಶಂಕರದಲ್ಲಿ ನಾಟಕ ಶುರುವಾದ ಮೇಲೆ ಟಿಕೆಟ್ ಇದ್ದರೂ ಒಳಗೆ ಬಿಡುವುದಿಲ್ಲ. ಅದನ್ನು ಬರೆಯದೆ ಬರೀ ಹೊತ್ತು ಹಾಕಿದರೆ ಐದು ನಿಮಿಷ ತಡವಾದವರು ಬಾಗಿಲಿಂದ ವಾಪಸ್ ಬರುತ್ತಾರೆ.

ಫೋನ್ ಎತ್ತಲಿಲ್ಲ ಅಂದರೆ ಸಂಜೆ ಇನ್ನೊಮ್ಮೆ ಮಾಡಿ. ಆಗಲೂ ಇಲ್ಲ ಅಂದರೆ ಬಿಟ್ಟುಬಿಡಿ. ಎಷ್ಟೇ ಒಳ್ಳೇ ಕಾರ್ಯಕ್ರಮ ಆಗಿರಲಿ.

ಹಂತ 5: "ಉಚಿತ" ಅನ್ನುವುದನ್ನು ಬಿಡಿಸಿ ನೋಡಿ

ಪಟ್ಟಿಯಲ್ಲಿ ಜಾಸ್ತಿ ಜಗಳ ತರುವುದು ಈ ಒಂದು ಪದ. ಉಚಿತದಲ್ಲಿ ನಾಲ್ಕು ತರ ಇದೆ. ನೇರ ಹೋಗಿ ಕೂರಬಹುದಾದದ್ದು. ದುಡ್ಡಿಲ್ಲ, ಆದರೆ ಮೊದಲೇ ಹೆಸರು ನೋಂದಾಯಿಸಬೇಕು. ದುಡ್ಡಿಲ್ಲ, ಆದರೆ ಪಾಸ್ ಬೇಕು, ಮುಂದಿನ ಸಾಲುಗಳು ದಾನಿಗಳಿಗೆ. ಒಳಗೆ ಹೋಗಲು ದುಡ್ಡಿಲ್ಲ, ಆದರೆ ಗಾಡಿ ನಿಲ್ಲಿಸಲು, ಕ್ಯಾಮೆರಾಗೆ, ಕರಕುಶಲ ಕಾರ್ಯಾಗಾರ ಆದರೆ ಸಾಮಗ್ರಿಗೆ ದುಡ್ಡು.

ಹೊತ್ತಿಗೆ ತಕ್ಕ ಹಾಗೆ ಬದಲಾಗುವುದೂ ಉಂಟು. ಲಾಲ್‌ಬಾಗಿಗೆ ಬೆಳಗಿನ ವಾಕಿಂಗ್ ಹೊತ್ತಿನಲ್ಲಿ ಟಿಕೆಟ್ ಇಲ್ಲ, ಆಮೇಲೆ ಹೋದರೆ ಇದೆ. ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ದರವೇ ಬೇರೆ. "ಲಾಲ್‌ಬಾಗ್, ಉಚಿತ" ಅಂತ ಎರಡು ಪದ ಬರೆದರೆ ಹನ್ನೊಂದು ಗಂಟೆಗೆ ಸಂಸಾರ ಸಮೇತ ಹೋದವರು ಗೇಟಿನಲ್ಲಿ ನಿಮ್ಮನ್ನು ನೆನೆಸಿಕೊಳ್ಳುತ್ತಾರೆ.

ಹೋಗಿ ಬರುವ ಖರ್ಚನ್ನೂ ಯೋಚಿಸಿ. ಆಟೋಗೆ ಮುನ್ನೂರು ರೂಪಾಯಿ ಕೊಟ್ಟು ಹೋಗುವ ಉಚಿತ ಕಾರ್ಯಕ್ರಮ ನಿಜವಾಗಿ ಉಚಿತ ಅಲ್ಲ, ಅಲ್ವಾ? ಹತ್ತಿರದ ಬಸ್ ನಿಲ್ದಾಣ ಬರೆಯಿರಿ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇರುವುದರಿಂದ ರಾಜ್ಯದ ಹೆಣ್ಣುಮಕ್ಕಳಿಗೆ ಬಿಎಂಟಿಸಿಯ ಸಾಮಾನ್ಯ ಬಸ್ಸಿನಲ್ಲಿ ದುಡ್ಡಿಲ್ಲ. ಎಸಿ ಬಸ್ಸಿಗೆ ಅದು ಇಲ್ಲ. ಭಾನುವಾರ ಮೆಟ್ರೋ ಬೆಳಿಗ್ಗೆ 7ಕ್ಕೆ ಶುರು. ಹಾಗಾಗಿ ಲಾಲ್‌ಬಾಗಿನಲ್ಲಿ ಹಕ್ಕಿ ನೋಡುವ ನಡಿಗೆ ಏಳಕ್ಕೇ ಇದ್ದರೆ ಮೆಟ್ರೋ ನಂಬಿದವರಿಗೆ ಅದು ಸಿಗುವುದಿಲ್ಲ. ಇಂಥದ್ದನ್ನು ಒಂದೇ ಸಾಲಿನಲ್ಲಿ ಹೇಳಿಬಿಡಿ.

ಹಂತ 6: ಸುದ್ದಿಯ ಭಾಗ

ಇಲ್ಲಿ ಒಂದೇ ಅಳತೆ: ಈ ವಾರ ಮನೆಯವರ ದಿನಚರಿ ಇದರಿಂದ ಬದಲಾಗುತ್ತಾ? ಕರೆಂಟು, ನೀರು, ರಸ್ತೆ, ಕಸ, ಆರೋಗ್ಯ ಶಿಬಿರ, ಮತದಾರರ ಪಟ್ಟಿ ಕೆಲಸ, ಶಾಲಾ ರಜೆ. ಐದು ಸುದ್ದಿ ಸಾಕು.

ಬೆಸ್ಕಾಂ ಪ್ರಕಟಣೆ ಓದುವುದರಲ್ಲಿ ಒಂದು ಜಾಣ್ಮೆ ಬೇಕು. ಅದು ಉಪಕೇಂದ್ರದ ಹೆಸರಿನಿಂದ ಶುರುವಾಗಿ ಇಪ್ಪತ್ತು ಬಡಾವಣೆ ಹೇಳಿ "ಮತ್ತು ಸುತ್ತಮುತ್ತಲಿನ ಪ್ರದೇಶಗಳು" ಅಂತ ಮುಗಿಯುತ್ತದೆ. ನಿಮ್ಮ ರಸ್ತೆ ಆ ಸುತ್ತಮುತ್ತಲಲ್ಲಿ ಇದೆಯಾ ಇಲ್ವಾ ಅನ್ನುವುದೇ ಪ್ರಶ್ನೆ. 1912ಕ್ಕೆ ಫೋನ್ ಮಾಡಿ ಅಥವಾ ಸ್ಥಳೀಯ ಕಚೇರಿಯಲ್ಲಿ ರಸ್ತೆ ಹೆಸರು ಹೇಳಿ ಕೇಳಿ. ಬರೆಯುವಾಗ "ವಿದ್ಯುತ್ ವ್ಯತ್ಯಯ" ಅಂತ ಬಿಡದೆ ಮುಂದಿನ ಮಾತನ್ನೂ ಹೇಳಿ: "ಶನಿವಾರ 10ರಿಂದ 5 ಕರೆಂಟ್ ಇಲ್ಲ. ಮೋಟರ್ ಓಡುವುದಿಲ್ಲ. 9.30ರ ಒಳಗೆ ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರು ತುಂಬಿಸಿಕೊಳ್ಳಿ. ಲಿಫ್ಟ್ ಇರುವ ಮನೆಗಳ ಹಿರಿಯರು ಆಸ್ಪತ್ರೆ ಕೆಲಸ ಬೇರೆ ದಿನಕ್ಕೆ ಇಟ್ಟುಕೊಳ್ಳಿ." ಜನಕ್ಕೆ ಬೇಕಾಗಿರುವುದು ಇದು. ನೀರಿನ ವಿಚಾರ ಜಲಮಂಡಳಿಯ 1916ರಲ್ಲಿ ಕೇಳಬಹುದು. ಕಸ, ರಸ್ತೆ ಗುಂಡಿ ವಿಚಾರಕ್ಕೆ 2025ರ ಸೆಪ್ಟೆಂಬರಿನಿಂದ ಬಿಬಿಎಂಪಿ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಐದು ನಗರ ಪಾಲಿಕೆಗಳಿವೆ. ನಿಮ್ಮ ವಾರ್ಡ್ ಯಾವ ಪಾಲಿಕೆಗೆ ಬರುತ್ತದೆ ಅಂತ ಒಮ್ಮೆ ತಿಳಿದುಕೊಂಡು ಪುಸ್ತಕದ ಮೊದಲ ಪುಟದಲ್ಲಿ ಬರೆದಿಡಿ. ಹಳೆ ನಂಬರ್, ಹಳೆ ಕಚೇರಿ ಹೆಸರು ಹಾಕಬೇಡಿ.

ಕೆಲವು ಸಂಗತಿಗಳು ಸುದ್ದಿಯೂ ಹೌದು, ಮನರಂಜನೆಯೂ ಹೌದು. ಕಡಲೆಕಾಯಿ ಪರಿಷೆ ಬಂದರೆ ಬುಲ್ ಟೆಂಪಲ್ ರಸ್ತೆಯಲ್ಲಿ ಸಂಚಾರ ಬದಲಾಗುತ್ತದೆ. ಅದನ್ನು ಎರಡೂ ಕಡೆ ಹಾಕಿ. ಪರಿಷೆಗೆ ಹೋಗುವವರು ಕೆಳಗೆ ನೋಡುತ್ತಾರೆ, ಆ ರಸ್ತೆಯಲ್ಲಿ ಆಫೀಸಿಗೆ ಹೋಗುವವರು ಮೇಲೆ ನೋಡುತ್ತಾರೆ.

ಪತ್ರಿಕೆಯ ಸಾಲನ್ನು ಹಾಗೇ ನಕಲು ಮಾಡಬೇಡಿ. ಓದಿ, ವಿಚಾರಿಸಿ, ನಿಮ್ಮ ಮಾತಿನಲ್ಲಿ ಎರಡು ಸಾಲು ಬರೆಯಿರಿ. ಸಾವು, ಕಾಯಿಲೆ, ಮನೆ ಜಗಳ, ಯಾರದೋ ಮಗಳು ಯಾರ ಜೊತೆಯೋ ಹೋದದ್ದು, ಇವು ಪಟ್ಟಿಗೆ ಸೇರಿದ್ದಲ್ಲ.

ವದಂತಿಯ ಬಗ್ಗೆ ಮಾತ್ರ ಕಟ್ಟುನಿಟ್ಟಾಗಿ ಹೇಳುತ್ತೇನೆ. ಕಳ್ಳರು ಬಂದಿದ್ದಾರೆ, ಮಕ್ಕಳನ್ನು ಎತ್ತಿಕೊಂಡು ಹೋಗುವವರು ತಿರುಗಾಡುತ್ತಿದ್ದಾರೆ ಅನ್ನುವ ಸಂದೇಶ ಬಂದರೆ ಅದು ನಿಮ್ಮ ಕೈಯಲ್ಲೇ ನಿಲ್ಲಬೇಕು. 2018ರ ಮೇ ತಿಂಗಳಲ್ಲಿ ನಮ್ಮ ಪಕ್ಕದ ಚಾಮರಾಜಪೇಟೆಯಲ್ಲಿ ಮಕ್ಕಳ ಕಳ್ಳ ಅಂತ ತಿಳಿದು ಜನ ಹೊಡೆದದ್ದರಿಂದ ರಾಜಸ್ಥಾನದಿಂದ ಬಂದಿದ್ದ ಒಬ್ಬ ಯುವಕ ಸತ್ತ. ಅದರ ಹಿಂದೆ ಇದ್ದದ್ದು ಫೋನಿನಲ್ಲಿ ಹರಿದಾಡಿದ ಇಂಥದ್ದೇ ಸುಳ್ಳು. "ನಿಜವೋ ಸುಳ್ಳೋ ಗೊತ್ತಿಲ್ಲ, ಹುಷಾರಾಗಿರಲಿ ಅಂತ ಹಾಕಿದೆ" ಅನ್ನುವ ಮಾತಿಗೆ ಇಲ್ಲಿ ಜಾಗ ಇಲ್ಲ. ಸಂಶಯ ಇದ್ದರೆ 112ಕ್ಕೆ ಫೋನ್ ಮಾಡಿ. ಪಟ್ಟಿಗೆ ಬೇಡ.

ಹಂತ 7: ಮನರಂಜನೆಯ ಭಾಗ

ಸಿನಿಮಾ ಹೊಸದು ಬರುವುದು ಶುಕ್ರವಾರ. ಯಾವ ಚಿತ್ರಮಂದಿರದಲ್ಲಿ ಇದೆ ಅಂತಷ್ಟೇ ಹೇಳಿ, ಆಟದ ಹೊತ್ತು ಬೇಡ. ಅದು ದಿನದಿನಕ್ಕೂ ಬದಲಾಗುತ್ತದೆ. ನಾಟಕಕ್ಕೆ ಭಾಷೆ, ಎಷ್ಟು ಹೊತ್ತು, ಎಷ್ಟು ವಯಸ್ಸಿನ ಮಕ್ಕಳಿಗೆ ಸರಿ ಅಂತ ಬರೆಯಿರಿ. ಸಂಗೀತ ಕಚೇರಿಗೆ ಹಾಡುವವರ ಹೆಸರಿನ ಜೊತೆ ಪಕ್ಕವಾದ್ಯದವರ ಹೆಸರೂ ಇರಲಿ. ಮೃದಂಗ ಕೇಳಲಿಕ್ಕೇ ಹೋಗುವವರು ನಮ್ಮ ಕಡೆ ಕಮ್ಮಿ ಇಲ್ಲ.

ಹಂತ 8: ಗುರುವಾರ ರಾತ್ರಿ, ಬರೆಯುವುದು

ಒಂದು ಎ4 ಪುಟ, ಹನ್ನೆರಡು ಕಾರ್ಯಕ್ರಮ, ಐದು ಸುದ್ದಿ. ಇದಕ್ಕಿಂತ ಜಾಸ್ತಿ ಇದ್ದರೆ ಯಾರೂ ಕೆಳಗಿನವರೆಗೂ ಓದುವುದಿಲ್ಲ. ಅಕ್ಷರದ ಗಾತ್ರ 16 ಇರಲಿ. ಪಾರ್ಕಿನಲ್ಲಿ ಕನ್ನಡಕ ಇಲ್ಲದೆ ಬರುವವರೇ ಓದುವುದು.

ಹೊಸಬರ ಸಾಲು ಸಾಮಾನ್ಯವಾಗಿ ಹೀಗಿರುತ್ತದೆ: "ಖ್ಯಾತ ಕಲಾವಿದರಿಂದ ಸುಮಧುರ ಭಾವಗೀತೆಗಳ ರಸದೌತಣ, ಈ ಭಾನುವಾರ ಸಂಜೆ, ಸರ್ವರಿಗೂ ಆದರದ ಸ್ವಾಗತ." ಓದಿದವರಿಗೆ ಏನೂ ಸಿಗಲಿಲ್ಲ. ಅದನ್ನೇ ಹೀಗೆ ಮಾಡಿ: "ಭಾನುವಾರ ಸಂಜೆ, ಭಾವಗೀತೆ. ಬಾಗಿಲು 5.30, ಹಾಡು 6.45ರಿಂದ 8.30. ಗಾಂಧಿಬಜಾರ್ ವೃತ್ತದಿಂದ ನಡೆದು ಐದು ನಿಮಿಷ. ದುಡ್ಡಿಲ್ಲ, ಪಾಸ್ ಬೇಡ. ಮೆಟ್ಟಿಲು ಹನ್ನೆರಡು, ಲಿಫ್ಟ್ ಇಲ್ಲ." ಮೆಟ್ಟಿಲಿನ ಲೆಕ್ಕ ನಾನು ಎಲ್ಲಾ ಜಾಗಕ್ಕೂ ಬರೆಯುತ್ತೇನೆ. ಮಂಡಿನೋವಿನವರು ಹೊರಡೋದೋ ಬೇಡ್ವೋ ಅಂತ ತೀರ್ಮಾನ ಮಾಡುವುದು ಅದರ ಮೇಲೆ. ಗಾಲಿಕುರ್ಚಿ ಒಳಗೆ ಹೋಗುತ್ತಾ, ಶೌಚಾಲಯ ಇದೆಯಾ ಅನ್ನುವುದನ್ನೂ ಗೊತ್ತಿದ್ದಷ್ಟು ಸೇರಿಸಿ.

ಹೊತ್ತು ಬರೆಯುವಾಗ "ಸಂಜೆ 6" ಅಂತ ಪೂರ್ತಿ ಬರೆಯಿರಿ. ಬರೀ 6 ಅಂದರೆ ಯೋಗ ತರಗತಿಗೆ ಯಾರೋ ಸಂಜೆ ಬರುತ್ತಾರೆ. "ನಾಳೆ", "ಇವತ್ತು" ಅನ್ನುವ ಪದ ಬೇಡ, ಪಟ್ಟಿ ಫಾರ್ವರ್ಡ್ ಆಗುವಾಗ ಅರ್ಥ ಬದಲಾಗುತ್ತದೆ. ಮೇಲುಗಡೆ ತಾರೀಕು, ಇಸವಿ, ಕೊನೆಗೆ "ಇವನ್ನೆಲ್ಲ ಗುರುವಾರ ಸಂಜೆಯವರೆಗೆ ವಿಚಾರಿಸಿ ಹಾಕಿದೆ" ಅನ್ನುವ ಒಂದು ಸಾಲು.

ದುಡ್ಡು ಕೊಡುತ್ತೇವೆ, ನಮ್ಮದನ್ನು ಮೇಲೆ ಹಾಕಿ ಅನ್ನುವವರು ಎರಡು ತಿಂಗಳಲ್ಲಿ ಬಂದೇ ಬರುತ್ತಾರೆ. ಕ್ರಮ ತಾರೀಕಿನ ಪ್ರಕಾರ ಅಂತ ಮೊದಲ ವಾರವೇ ಬರೆದಿಟ್ಟರೆ ಉತ್ತರ ಹೇಳುವುದು ಸುಲಭ.

ಹಂತ 9: ಶುಕ್ರವಾರ ಬೆಳಿಗ್ಗೆ, ತಲುಪಿಸುವುದು

ವಾಟ್ಸಾಪಿಗೆ ಪಠ್ಯವಾಗಿ ಕಳಿಸಿ, ಚಿತ್ರ ಮಾಡಿ ಕಳಿಸಬೇಡಿ. ಚಿತ್ರದಲ್ಲಿ ಹುಡುಕಲು ಆಗುವುದಿಲ್ಲ. ಕಣ್ಣು ಕಾಣದವರ ಫೋನ್ ಪಠ್ಯವನ್ನು ಸರಿಯಾಗಿ ಓದಿ ಹೇಳುತ್ತದೆ, ಚಿತ್ರದೊಳಗಿನ ಅಕ್ಷರಕ್ಕೆ ಅದು ತಡವರಿಸುತ್ತದೆ. ಮುಂದಿನ ವರ್ಷ ಇಸವಿ ಇಲ್ಲದೆ ಮತ್ತೆ ಸುತ್ತುವುದೂ ಇಂಥ ಚಿತ್ರಗಳೇ.

ಕಾಗದದ ಪ್ರತಿ ಮೂರು ಸಾಕು: ಪಾರ್ಕಿನ ಫಲಕ, ನಂದಿನಿ ಬೂತ್, ಗ್ರಂಥಾಲಯ. ಬೂತಿನವರ ಒಪ್ಪಿಗೆ ಕೇಳಿ ಅಂಟಿಸಿ. ಬೆಳಿಗ್ಗೆ ಆರಕ್ಕೆ ಮುಂಚೆ ಹಾಕಿದರೆ ವಾಕಿಂಗಿನವರು, ಹಾಲಿಗೆ ಬರುವವರು ಎಲ್ಲಾ ನೋಡುತ್ತಾರೆ. ಸ್ಮಾರ್ಟ್‌ಫೋನ್ ಇಲ್ಲದ ಹಿರಿಯರಿಗೆ, ಮನೆಗೆಲಸಕ್ಕೆ ಬರುವ ಹೆಣ್ಣುಮಕ್ಕಳಿಗೆ ಪಟ್ಟಿ ಸಿಗುವುದು ಇಲ್ಲೇ. ಉಚಿತ ಕಾರ್ಯಕ್ರಮ ನಿಜಕ್ಕೂ ಬೇಕಾಗಿರುವುದು ಅವರಿಗೆ. ಹಾಗಾಗಿ ಫೋನಿನ ಪಟ್ಟಿಗಿಂತ ಈ ಮೂರು ಕಾಗದದ ಮೇಲೆ ನನಗೆ ಜಾಸ್ತಿ ಕಾಳಜಿ.

ಹಂತ 10: ಶನಿವಾರ ಭಾನುವಾರ, ತಿದ್ದುಪಡಿ

ಎಷ್ಟೇ ವಿಚಾರಿಸಿದರೂ ಒಂದೆರಡು ಬದಲಾಗುತ್ತವೆ. ಮೇಯಿಂದ ಅಕ್ಟೋಬರ್‌ವರೆಗೆ ಸಂಜೆ ಮಳೆ ಇದ್ದೇ ಇದೆ, ಬಯಲು ಕಾರ್ಯಕ್ರಮಗಳಿಗೆ ಪೆಟ್ಟು. ಹಳೆ ಸಂದೇಶ ಅಳಿಸಿ ಸುಮ್ಮನಾಗಬೇಡಿ. ಅಷ್ಟರಲ್ಲಿ ಅದನ್ನು ಎಷ್ಟೋ ಜನ ಮುಂದಕ್ಕೆ ಕಳಿಸಿರುತ್ತಾರೆ. "ತಿದ್ದುಪಡಿ" ಅಂತ ಮೇಲೆ ಹಾಕಿ ಹೊಸ ಸಂದೇಶ ಕಳಿಸಿ: ಏನು ಇತ್ತು, ಈಗ ಏನು. ಕಾಗದದ ಮೇಲೆ ಕೆಂಪು ಪೆನ್ನಿನಲ್ಲಿ ಹೊಡೆದು ಪಕ್ಕದಲ್ಲಿ ಬರೆಯಿರಿ. ಮೂರು ಜಾಗಕ್ಕೂ ನಡೆದು ಹೋಗಿ ಬರೆಯಬೇಕು, ಇದಕ್ಕೆ ಬೇರೆ ದಾರಿ ಇಲ್ಲ.

ಕೆಲವು ಲಕ್ಷಣ ಕಂಡರೆ ನಿಮ್ಮ ಕ್ರಮ ಸಡಿಲವಾಗಿದೆ ಅಂತ ತಿಳಿಯಿರಿ. ಏಳನೇ ಮನೆಯಲ್ಲಿ "ವಾಟ್ಸಾಪಿನಲ್ಲಿ ಬಂತು" ಅಂತ ಬರೆಯಲು ಶುರು ಮಾಡಿದ್ದೀರಿ. ಎರಡು ವಾರ ಸತತ ಒಂದೇ ಸಂಸ್ಥೆಯ ಕಾರ್ಯಕ್ರಮಗಳೇ ಅರ್ಧ ಪುಟ ತುಂಬಿವೆ. ಒಂದು ತಿದ್ದುಪಡಿಯೂ ಇಲ್ಲದೆ ತಿಂಗಳು ಕಳೆದಿದೆ. ಕೊನೆಯದು ಒಳ್ಳೇ ಲಕ್ಷಣದ ಹಾಗೆ ಕಾಣುತ್ತದೆ, ಆದರೆ ಎಷ್ಟೋ ಸಲ ಜನ ಪಟ್ಟಿ ನೋಡಿ ಹೋಗುವುದನ್ನೇ ಬಿಟ್ಟಿರುತ್ತಾರೆ. ಹೋದವರಿದ್ದರೆ ಬಂದು ಏನಾದರೂ ಹೇಳಿಯೇ ಹೇಳುತ್ತಾರೆ.

ಹಂತ 11: ಸೋಮವಾರ, ಲೆಕ್ಕ ಮುಗಿಸುವುದು

ನೋಟ್‌ಬುಕ್ ತೆಗೆದು ಪ್ರತಿ ಸಾಲಿನ ಮುಂದೆ ಒಂದು ಗುರುತು: ಸರಿಯಾಗಿ ನಡೆಯಿತು, ತಡವಾಯಿತು, ನಡೆಯಲಿಲ್ಲ. ಹೋಗಿ ಬಂದವರು ಹೇಳಿದ್ದನ್ನು ಒಂದು ಪದದಲ್ಲಿ ಬರೆಯಿರಿ: ಸೆಖೆ, ಜಾಗ ಸಾಲಲಿಲ್ಲ, ಚೆನ್ನಾಗಿತ್ತು. ಒಂದೇ ಆಯೋಜಕರು ಮೂರು ಸಲ ಹೇಳದೆ ಬದಲಿಸಿದ್ದರೆ ಖಾಯಂ ಪುಟದಲ್ಲಿ ಅವರ ಹೆಸರಿನ ಮುಂದೆ "ಶನಿವಾರ ಬೆಳಿಗ್ಗೆ ಮತ್ತೆ ಕೇಳಬೇಕು" ಅಂತ ಬರೆದುಕೊಳ್ಳಿ. ಒಂದು ವರ್ಷ ಹೀಗೆ ಮಾಡಿದರೆ ಮುಂದಿನ ವರ್ಷ ಯಾವ ತಿಂಗಳು ಏನು ಬರುತ್ತದೆ ಅಂತ ಪುಸ್ತಕವೇ ಹೇಳುತ್ತದೆ.

ಆಮೇಲೆ ಪಾರ್ಕಿಗೆ, ಬೂತಿಗೆ, ಗ್ರಂಥಾಲಯಕ್ಕೆ ಹೋಗಿ ಹಳೆ ಹಾಳೆ ತೆಗೆದುಬಿಡಿ. ಮಂಗಳವಾರವೂ ಅಲ್ಲೇ ನೇತಾಡುತ್ತಿದ್ದರೆ ಯಾರೋ ಅದನ್ನು ಈ ವಾರದ್ದು ಅಂತ ಓದುತ್ತಾರೆ. ಗುಂಡುಪಿನ್ನುಗಳನ್ನು ಫಲಕದ ಮೂಲೆಯಲ್ಲೇ ಚುಚ್ಚಿಟ್ಟು ಬನ್ನಿ, ಶುಕ್ರವಾರ ಬೇಕಾಗುತ್ತವೆ.